ಕಲ್ಲಿನ ಗೋಡೆ, ಪೆಕ್ಸ್ ಪೈಪು, ಮಾಳಿಗೆಯ ಟ್ಯಾಂಕು: ಕಲಬುರಗಿಯ ಒಂದು ಮನೆಯ ನೀರಿನ ಮರುಜೋಡಣೆ

ಮನೆ ಇರುವುದು ಕಲಬುರಗಿಯ ಸೇಡಂ ರಸ್ತೆ ಕಡೆಯ ಹಳೆಯ ಬಡಾವಣೆಯಲ್ಲಿ. ನಿವೇಶನ 30×50 ಅಡಿ. ಕೆಳಗಿನ ಅಂತಸ್ತಿಗೆ 15 ಇಂಚು ದಪ್ಪದ ಶಹಾಬಾದ್ ಕಲ್ಲಿನ ಗೋಡೆ, ನೆಲಕ್ಕೂ ಅದೇ ಕಲ್ಲಿನ ಫರಸಿ. ಮೇಲಿನ ಅಂತಸ್ತನ್ನು ಎಷ್ಟೋ ವರ್ಷಗಳ ನಂತರ ಇಟ್ಟಂಗಿಯಲ್ಲಿ ಏರಿಸಿದ್ದು. ಅಡುಗೆಮನೆಯನ್ನು ಹಿತ್ತಲ ಕಡೆಗೆ ಎಂಟು ಅಡಿ ಹಿಗ್ಗಿಸಿದ್ದೂ ಆಗಲೇ. ಕೆಳಗೆ ಎರಡು ಬಚ್ಚಲು, ಮೇಲೆ ಎರಡು. ಮಾಳಿಗೆಯ ಮೇಲೆ 1000 ಲೀಟರಿನ ಟ್ಯಾಂಕು, ಪಕ್ಕದಲ್ಲಿ 200 ಲೀಟರಿನ ಸೋಲಾರ್ ಹೀಟರು. ನಳದ ನೀರು, ಬೋರಿನ ನೀರು ಎರಡೂ ಸಂಪಿಗೆ ಬಂದು, ಅಲ್ಲಿಂದ ಮೋಟರಿನಲ್ಲಿ ಮೇಲೇರುತ್ತವೆ.

ತೊಂದರೆ ಎರಡು. ಕೆಳಗಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪುಗಳ ಒಳಗೆ ತುಕ್ಕು ಮತ್ತು ಸುಣ್ಣದ ಪದರ ಕಟ್ಟಿ, ಅರ್ಧ ಇಂಚಿನ ಪೈಪಿನಲ್ಲಿ ಪೆನ್ಸಿಲಿನಷ್ಟು ತೂತು ಉಳಿದಿತ್ತು. ಬೆಳಗಿನ ಮೊದಲ ತಂಬಿಗೆ ನೀರು ಕೆಂಪು. ಈ ಭಾಗದ ಬೋರಿನ ನೀರು ಗಡಸು, ಆದ್ದರಿಂದ ಇದರಲ್ಲಿ ಅಚ್ಚರಿಯಿಲ್ಲ. ಎರಡನೆಯದು ಅಡುಗೆಮನೆಯ ಗೋಡೆಯ ತೇವ. ಹಳೆಯ ಕಲ್ಲಿನ ಗೋಡೆಗೂ ಹೊಸ ಇಟ್ಟಂಗಿ ಗೋಡೆಗೂ ನಡುವಿನ ಸಂದಿನಲ್ಲಿ, ಜಿಐಗೆ ಸಿಪಿವಿಸಿ (ಬಿರುಸು ಪ್ಲಾಸ್ಟಿಕ್ ಪೈಪು) ಕೂಡಿಸಿದ ಎಲ್ಬೋ, ಅಂದರೆ ತಿರುವಿನ ತುಂಡು, ಸೀಳಿತ್ತು. ಅದನ್ನು ಒಮ್ಮೆ ಬದಲಿಸಿದ್ದರು, ಮತ್ತೆ ಸೀಳಿತ್ತು. ಕೆಳಗಿರುವುದು ಎರೆಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿದು ಕುಗ್ಗುತ್ತದೆ. ಹಳೆಯ ತಳಪಾಯ ಕೂತು ಗಟ್ಟಿಯಾಗಿದೆ, ಹೊಸದು ಇನ್ನೂ ಆಡುತ್ತಿದೆ. ಅಂಟು ಹಾಕಿದ ಬಿರುಸು ಪೈಪನ್ನು ಇವೆರಡರ ನಡುವೆ ಕಟ್ಟಿಹಾಕಿದರೆ ಮೊದಲು ಸೋಲುವುದು ಎಲ್ಬೋನೇ. ಇನ್ನೊಂದು ಎಲ್ಬೋ ಹಾಕಿ ಪ್ರಯೋಜನವಿರಲಿಲ್ಲ. ಆದ್ದರಿಂದ ನಳಗಳಿಗೆ ಹೋಗುವ ಪೈಪನ್ನೆಲ್ಲ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪಿನಲ್ಲಿ, ಮ್ಯಾನಿಫೋಲ್ಡ್ ಎಂಬ ಜೋಡಣೆಯಲ್ಲಿ ಹೊಸದಾಗಿ ಹಾಕಲು ಹೊರಟರು.

ಈ ಮನೆಗೆ ಪೆಕ್ಸ್ ಯಾಕೆ

ಸಾಮಾನ್ಯ ಜೋಡಣೆಯಲ್ಲಿ ಟ್ಯಾಂಕಿನಿಂದ ಒಂದು ದಪ್ಪ ಪೈಪು ಇಳಿದು, ಹೋದಲ್ಲೆಲ್ಲ ಟೀ ಹಾಕಿ ಕವಲೊಡೆಯುತ್ತದೆ. ಪ್ರತಿ ಕವಲಿಗೂ ಎಲ್ಬೋ, ಪ್ರತಿ ಎಲ್ಬೋಗೂ ಎರಡು ಅಂಟಿನ ಕೀಲು, ಎಲ್ಲವೂ ಗೋಡೆಯೊಳಗೆ. ಮ್ಯಾನಿಫೋಲ್ಡ್ ಜೋಡಣೆ ಬೇರೆ. ದಪ್ಪ ಪೈಪು ನೇರ ಸಾಲಾಗಿ ಬಾಯಿಗಳಿರುವ ಒಂದು ಹಿತ್ತಾಳೆಯ ದಂಡಿಗೆ (ಇದೇ ಮ್ಯಾನಿಫೋಲ್ಡು) ಬಂದು ಮುಗಿಯುತ್ತದೆ. ಆ ದಂಡಿನಿಂದ ಪ್ರತಿ ನಳಕ್ಕೂ ಒಂದೊಂದು ಬಾಗುವ ಪೈಪು, ನಡುವೆ ಎಲ್ಲೂ ಕೀಲಿಲ್ಲದೆ, ಹೊರಟು ಮುಟ್ಟುತ್ತದೆ. ಕೀಲು ಇರುವುದು ದಂಡಿನ ಹತ್ತಿರ ಒಂದು, ನಳದ ಹತ್ತಿರ ಒಂದು. ಬಚ್ಚಲಿನ ಒಂದು ನಳ ಕೆಟ್ಟರೆ ಆ ಒಂದು ಲೈನಿನ ವಾಲ್ವು ತಿರುಗಿಸಿದರೆ ಸಾಕು, ಮನೆಯ ನೀರೆಲ್ಲ ನಿಲ್ಲಿಸಬೇಕಿಲ್ಲ.

ಈ ಮನೆಯ ಮಟ್ಟಿಗೆ ಇದಕ್ಕಿಂತ ದೊಡ್ಡ ಕಾರಣ ಕಲ್ಲು. ಇಟ್ಟಂಗಿ ಗೋಡೆಯನ್ನು ಕಟರಿನಿಂದ ಕೊರೆದು ಪೈಪು ಹುಗಿಯುವುದು ಅರ್ಧ ದಿನದ ಕೆಲಸ. ಶಹಾಬಾದ್ ಕಲ್ಲಿನ ಗೋಡೆಯಲ್ಲಿ ಬ್ಲೇಡು ಸವೆಯುತ್ತದೆ, ಕಲ್ಲು ಪದರ ಪದರವಾಗಿ ಎದ್ದು ಬರುತ್ತದೆ, ಕೀಲುಗಳ ಗಚ್ಚು ಸಡಿಲವಾಗುತ್ತದೆ. ಭಾರ ಹೊತ್ತ ಗೋಡೆಗೆ ಉದ್ದಕ್ಕೂ ಗಾಯ ಮಾಡುವುದು ತಿಳಿದವರ ಕೆಲಸವಲ್ಲ. ಬಾಗುವ ಪೈಪಾದರೆ ಫರಸಿಯ ಕೆಳಗೆ ಹರಿದು, ಗೋಡೆಗೆ ಒಂದೇ ಒಂದು ತೂತು ಹೊಡೆದು, ನಳದ ಜಾಗದಲ್ಲಿ ಎದ್ದು ನಿಲ್ಲುತ್ತದೆ.

ಪೆಕ್ಸ್ ಎಂದರೆ ಅಣುಗಳ ಎಳೆಗಳನ್ನು ಒಂದಕ್ಕೊಂದು ಹೆಣೆದ ಪಾಲಿಥಿನ್. ಹೆಣೆಯುವ ವಿಧಾನ ನೋಡಿ ಎ, ಬಿ, ಸಿ ಎಂದು ಮೂರು ಬಗೆ: ಪೆರಾಕ್ಸೈಡಿನಿಂದ ಹೆಣೆದದ್ದು ಎ, ಸಿಲೇನಿನಿಂದ ಬಿ, ಎಲೆಕ್ಟ್ರಾನ್ ಕಿರಣದಿಂದ ಸಿ. ಎ ಹೆಚ್ಚು ಮೆತ್ತಗೆ, ಮಡಿಕೆ ಬಿದ್ದರೆ ಬಿಸಿಗಾಳಿ ತೋರಿಸಿ ಸರಿಮಾಡಬಹುದು. ಬಿಯಲ್ಲಿ ಮಡಿಕೆ ಬಿದ್ದ ತುಂಡನ್ನು ಕತ್ತರಿಸಿ ಎಸೆಯಬೇಕು. ನಮ್ಮ ಅಂಗಡಿಗಳಲ್ಲಿ ಹೆಚ್ಚು ಕಾಣುವುದು ಇದರ ದಾಯಾದಿ, ನಡುವೆ ಅಲ್ಯುಮಿನಿಯಂ ಪದರವಿರುವ ಕಾಂಪೋಸಿಟ್ ಪೈಪು, ಐಎಸ್ 15450 ಗುರುತಿನದು. ಅದು ಬಾಗಿಸಿದಂತೆ ನಿಲ್ಲುತ್ತದೆ, ಬಿಸಿಗೆ ಕಡಿಮೆ ಹಿಗ್ಗುತ್ತದೆ. ಆದರೆ ಒಮ್ಮೆ ಮಡಿಕೆ ಬಿದ್ದರೆ ಮುಗಿಯಿತು, ಮತ್ತು ಫರಸಿಯ ಕೆಳಗಿನ ಕೊಳವೆಯೊಳಗೆ ಎಳೆದಾಡಲು ಪೆಕ್ಸಿನಷ್ಟು ಒಗ್ಗುವುದಿಲ್ಲ. ಮುಂದೆ ಎಂದಾದರೂ ಪೈಪನ್ನು ಎಳೆದು ಬದಲಿಸುವ ದಾರಿ ಇರಲೆಂದು ಇಲ್ಲಿ ಪೆಕ್ಸ್-ಬಿ ಆಯ್ದದ್ದು, 16×2 ಮತ್ತು 20×2 ಮಿ.ಮೀ. ಅಳತೆಯಲ್ಲಿ. ಮೊದಲ ಅಂಕಿ ಹೊರಗಿನ ವ್ಯಾಸ, ಎರಡನೆಯದು ಗೋಡೆಯ ದಪ್ಪ. ಅಂದರೆ ಒಳಗಿನ ತೂತು 12 ಮತ್ತು 16 ಮಿ.ಮೀ.

ಇಲ್ಲೊಂದು ಬಲೆಯಿದೆ. ಅಮೆರಿಕದ ಅಳತೆಯ ಅರ್ಧ ಇಂಚಿನ ಪೆಕ್ಸಿನ ಹೊರವ್ಯಾಸ 15.9 ಮಿ.ಮೀ., ಗೋಡೆ 1.8 ಮಿ.ಮೀ. ಕಣ್ಣಿಗೆ 16×2ಕ್ಕೂ ಅದಕ್ಕೂ ವ್ಯತ್ಯಾಸ ಕಾಣದು. ಒಂದರ ಫಿಟ್ಟಿಂಗು ಇನ್ನೊಂದಕ್ಕೆ ತುರುಕಿದರೆ ಕೂರುತ್ತದೆ ಕೂಡ, ಸೋರುವುದು ಆಮೇಲೆ. ಪೈಪು, ಫಿಟ್ಟಿಂಗು, ಒತ್ತುವ ಯಂತ್ರದ ದವಡೆ ಮೂರೂ ಒಂದೇ ತಯಾರಕರದಾಗಿರಬೇಕು, ಇಲ್ಲವೇ ಅವರೇ ಹೊಂದುತ್ತದೆ ಎಂದು ಬರೆದುಕೊಟ್ಟಿರಬೇಕು.

ಎತ್ತರದ ಲೆಕ್ಕ

ಮ್ಯಾನಿಫೋಲ್ಡಿನ ಕ್ಯಾಟಲಾಗುಗಳು ಬರೆದಿರುವುದು ಬೀದಿಯ ಪೈಪಿನಿಂದಲೇ 3 ಬಾರ್ ಒತ್ತಡ ಬರುವ ಊರುಗಳಿಗಾಗಿ. 3 ಬಾರ್ ಎಂದರೆ 30 ಮೀಟರ್ ಎತ್ತರದ ನೀರು. ಕಲಬುರಗಿಯ ಮನೆಯಲ್ಲಿ ಒತ್ತಡ ಎಂಬುದು ಟ್ಯಾಂಕಿನ ತಳ ನಳಕ್ಕಿಂತ ಎಷ್ಟು ಮೇಲಿದೆ ಎಂಬುದಷ್ಟೇ. ಈ ಮನೆಯಲ್ಲಿ ಟ್ಯಾಂಕಿನ ತಳ ಮಾಳಿಗೆಯಿಂದ 2.1 ಮೀಟರ್ ಮೇಲೆ. ಸೋಲಾರಿಗೆ ತಣ್ಣೀರು ತಾನಾಗಿ ಇಳಿಯಬೇಕಾದ್ದರಿಂದ ಅಷ್ಟು ಎತ್ತರ ಮೊದಲೇ ಇತ್ತು. ಮಾಳಿಗೆಯಿಂದ ಮೇಲಿನ ಅಂತಸ್ತಿನ ನೆಲಕ್ಕೆ 3.2 ಮೀಟರ್. ಶವರಿನ ಬಾಯಿ ನೆಲದಿಂದ 2 ಮೀಟರ್, ಬಕೆಟ್ ತುಂಬುವ ನಳ 0.6 ಮೀಟರ್. ಟ್ಯಾಂಕು ಬಹುತೇಕ ಬರಿದಾದಾಗ ಮೇಲಿನ ಶವರಿಗೆ ಸಿಗುವುದು 3.3 ಮೀಟರ್, ಬಕೆಟ್ ನಳಕ್ಕೆ 4.7 ಮೀಟರ್. ಕೆಳಗಿನ ಅಂತಸ್ತಿಗೆ ಇನ್ನೂ 3.2 ಮೀಟರ್ ಕೂಡಿಸಿದರೆ 6.5 ಮತ್ತು 7.9.

ಈ ಪುಟ್ಟ ಬಂಡವಾಳದಿಂದಲೇ ಪೈಪಿನ ಘರ್ಷಣೆಗೆ ತೆರಬೇಕು. ನಿಮಿಷಕ್ಕೆ 6 ಲೀಟರ್ ಹರಿದರೆ 12 ಮಿ.ಮೀ. ತೂತಿನ ಪೈಪು ಪ್ರತಿ ಮೀಟರಿಗೆ ಸುಮಾರು 9 ಸೆಂ.ಮೀ. ಎತ್ತರ ತಿನ್ನುತ್ತದೆ, 16 ಮಿ.ಮೀ. ತೂತಿನದು 2 ಸೆಂ.ಮೀ. ಮಾತ್ರ. ಹರಿವು 9 ಲೀಟರಿಗೆ ಏರಿದರೆ ಇವು 19 ಮತ್ತು 5 ಸೆಂ.ಮೀ. ಆಗುತ್ತವೆ. 3 ಬಾರ್ ಇರುವ ಮನೆಯಲ್ಲಿ 14 ಮೀಟರ್ ಪೈಪು ಒಂದೂಕಾಲು ಮೀಟರ್ ತಿಂದರೆ ಯಾರಿಗೂ ಗೊತ್ತಾಗದು. 4.7 ಮೀಟರ್ ಇರುವಲ್ಲಿ ಅದು ಕಾಲುಭಾಗಕ್ಕಿಂತ ಹೆಚ್ಚು.

ಪೈಪಿಗಿಂತ ಕಳ್ಳ ಫಿಟ್ಟಿಂಗು. ಯಂತ್ರದಿಂದ ಒತ್ತಿ ಕೂರಿಸುವ ಪೆಕ್ಸಿನ ಪ್ರೆಸ್ ಫಿಟ್ಟಿಂಗು ಪೈಪಿನ ಒಳಗೆ ಹೋಗಿ ಕೂರುತ್ತದೆ, ಸಿಪಿವಿಸಿಯಂತೆ ಹೊರಗಲ್ಲ. 16×2 ಪೈಪಿನ ಫಿಟ್ಟಿಂಗಿನ ತೂತು 8–9 ಮಿ.ಮೀ.ಗೆ ಇಳಿಯುತ್ತದೆ. ಒಂದು ಲೈನಿಗೆ ಎರಡೇ ಫಿಟ್ಟಿಂಗು ಇದ್ದರೆ ತಡೆಯಬಹುದು. ಹಳೆಯ ಅಭ್ಯಾಸದಲ್ಲಿ ಪ್ರತಿ ಮೂಲೆಗೂ ಎಲ್ಬೋ ಹಾಕುತ್ತ ಹೋದರೆ ಮ್ಯಾನಿಫೋಲ್ಡ್ ಹಾಕಿದ ಗುಣವೇ ಮಣ್ಣುಪಾಲು. ಮೂಲೆಯಲ್ಲಿ ಪೈಪನ್ನೇ ಬಾಗಿಸಬೇಕು. ಬಾಗಿನ ತ್ರಿಜ್ಯ ಹೊರವ್ಯಾಸದ ಎಂಟು ಪಟ್ಟು: 16ಕ್ಕೆ 13 ಸೆಂ.ಮೀ., 20ಕ್ಕೆ 16 ಸೆಂ.ಮೀ.

ಮುಚ್ಚುವ ಮುಂಚಿನ ಪರೀಕ್ಷೆ

ಮೊದಲ ನಕ್ಷೆಯಲ್ಲಿ ಎಲ್ಲ ಲೈನೂ 16 ಮಿ.ಮೀ. ಇತ್ತು. ಮ್ಯಾನಿಫೋಲ್ಡು ನೆಲ ಬೆಚ್ಚಗಿಡುವ ವ್ಯವಸ್ಥೆಗಾಗಿ ತಯಾರಾದ ಬಗೆ, ಪ್ರತಿ ಬಾಯಿಗೂ ಹರಿವಿನ ಗಾಜಿನ ಮೀಟರು, ಒಳಗೆ ಸೂಜಿ ವಾಲ್ವು. ನೋಡಲು ಚೆಂದ, ಅಂಗಡಿಯವರು ಮೊದಲು ತೋರಿಸುವುದೂ ಅದನ್ನೇ. ಮೇಲಿನ ಅಂತಸ್ತಿನ ದೂರದ ಬಚ್ಚಲಿಗೆ ಪೈಪು ಕೋಣೆಯ ಅಂಚು ಹಿಡಿದು ಸುತ್ತಿ 14 ಮೀಟರ್ ಆಗಿತ್ತು.

ನೆಲ ಮುಚ್ಚುವ ಮೊದಲು ಟ್ಯಾಂಕಿನ ನೀರು ತಳಮಟ್ಟಕ್ಕೆ ಇಳಿಸಿ, ನಿಜವಾದ ನಳ ಕೂರಿಸಿ, 15 ಲೀಟರಿನ ಬಕೆಟ್ ಇಟ್ಟು ಗಡಿಯಾರ ಹಿಡಿದರು. ಎಲ್ಲರೂ ಮಾಡಬೇಕಾದ, ಬಹುತೇಕರು ಮಾಡದ ಕೆಲಸ ಇದು. ದೂರದ ಬಚ್ಚಲಿನ ಬಕೆಟ್ ತುಂಬಲು 2 ನಿಮಿಷ 40 ಸೆಕೆಂಡು ಹಿಡಿಯಿತು, ಅಂದರೆ ನಿಮಿಷಕ್ಕೆ 5.6 ಲೀಟರ್. ಮೀಟರಿನ ದಂಡು ತೆಗೆದು, ಪೂರ್ತಿ ತೆರೆಯುವ ಬಾಲ್ ವಾಲ್ವಿರುವ 1 ಇಂಚಿನ ಸಾದಾ ಹಿತ್ತಾಳೆ ದಂಡು ಹಾಕಿದಾಗ 2 ನಿಮಿಷ 10 ಸೆಕೆಂಡಿಗೆ ಇಳಿಯಿತು. ಪೈಪು ಮುಟ್ಟದೆ ಸಿಕ್ಕ ಲಾಭ ಅದು. ನಂತರ ಆ ಲೈನನ್ನು 20 ಮಿ.ಮೀ. ಪೈಪಿಗೆ ಬದಲಿಸಿ, ಇಟ್ಟಂಗಿ ಗೋಡೆಗೆ ತೂತು ಹೊಡೆದು ನೇರ ದಾರಿಯಲ್ಲಿ 9 ಮೀಟರಿಗೆ ಇಳಿಸಿದಾಗ 1 ನಿಮಿಷ 37 ಸೆಕೆಂಡು.

ಕೆಳಗಿನ ಬಚ್ಚಲುಗಳಲ್ಲಿ 16 ಮಿ.ಮೀ. ಪೈಪಿನಲ್ಲೇ ಬಕೆಟ್ 1 ನಿಮಿಷ 35 ಸೆಕೆಂಡಿನಲ್ಲಿ ತುಂಬಿತು, ಅಲ್ಲಿ ಎತ್ತರ ಹೆಚ್ಚಿರುವುದರಿಂದ. ಹೀಗಾಗಿ 20 ಮಿ.ಮೀ. ಬೇಕಾದದ್ದು ಮೇಲಿನ ಎರಡು ಬಚ್ಚಲಿನ ತಣ್ಣೀರ ಲೈನಿಗೆ ಮಾತ್ರ. ಎಲ್ಲ ಕಡೆ ದಪ್ಪ ಪೈಪು ಹಾಕುವುದು ದುಂದು; ಬಿಸಿನೀರಿನ ಲೈನಿನಲ್ಲಂತೂ ದಪ್ಪ ಪೈಪು ಎಂದರೆ ಪ್ರತಿ ಸಲ ಅಷ್ಟು ಹೆಚ್ಚು ತಣ್ಣೀರು ಚೆಲ್ಲಿ ಕಾಯುವುದು.

ಶವರಿನ ಕತೆ ಬೇರೆ. ಪೈಪು ಬದಲಿಸಿದ ಮೇಲೂ ಮೇಲಿನ ಶವರಿನ ಹರಿವು ನಿಮಿಷಕ್ಕೆ 4.3ರಿಂದ 5 ಲೀಟರಿಗೆ ಮಾತ್ರ ಏರಿತು. ಅಡ್ಡಿ ಪೈಪಿನಲ್ಲಿರಲಿಲ್ಲ, ಶವರಿನಲ್ಲೇ ಇತ್ತು. 1 ಬಾರ್ ಒತ್ತಡಕ್ಕೆ 9 ಲೀಟರ್ ಕೊಡುವ ಶವರಿಗೆ 3.3 ಮೀಟರ್ ಎತ್ತರ ಪೂರ್ತಿ ಸಿಕ್ಕರೂ 5.2 ಲೀಟರಿಗಿಂತ ಹೆಚ್ಚು ಬಾರದು. ಅಗಲವಾದ ಮಳೆ-ಶವರು ತೆಗೆದು, ಕಡಿಮೆ ಒತ್ತಡಕ್ಕೆಂದೇ ಮಾಡಿದ ಸಣ್ಣ ಶವರು ಹಾಕಿದಾಗ ಸುಮಾರು 7 ಲೀಟರಿಗೆ ಬಂತು. ಕೊಳ್ಳುವಾಗ ಡಬ್ಬಿಯ ಮೇಲೆ 0.2 ಅಥವಾ 0.3 ಬಾರಿಗೆ ಎಷ್ಟು ಲೀಟರ್ ಎಂದು ಬರೆದಿದೆಯೇ ನೋಡಬೇಕು. ಬರೆದಿರದಿದ್ದರೆ ಅದು ಈ ಎತ್ತರದ ಮನೆಗೆ ಆಗದ ಶವರು ಎಂದೇ ಹಿಡಿಯಬಹುದು.

ಒತ್ತಡದ ಪಂಪು ಹಾಕಿದರಾಗದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಮೇಲೆ ತೆರೆದ ಗಾಳಿ ಕೊಳವೆಯಿರುವ ಸೋಲಾರ್ ಟ್ಯಾಂಕು ಪಂಪಿನ ಒತ್ತಡ ತಡೆಯುವುದಿಲ್ಲ, ಆದ್ದರಿಂದ ಪಂಪು ತಣ್ಣೀರಿಗೆ ಮಾತ್ರ ಹಾಕಬೇಕಾಗುತ್ತದೆ. ಆಗ ಮಿಕ್ಸರಿನಲ್ಲಿ ಬಿಸಿ, ತಣ್ಣೀರಿನ ಬಾಯಿ ಎರಡೂ ಅರ್ಧ ತೆರೆದ ಹೊತ್ತಿನಲ್ಲಿ ಬಲವಾದ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಿ, ಹಿಮ್ಮುಖವಾಗಿ ಸೋಲಾರಿಗೆ ಏರಿ, ಮಾಳಿಗೆಯ ಗಾಳಿ ಕೊಳವೆಯಿಂದ ಸುರಿಯುತ್ತದೆ. ಕಾದ ನೀರೂ ಹೋಯಿತು, ಟ್ಯಾಂಕಿನ ನೀರೂ ಹೋಯಿತು. ಬಿಸಿನೀರಿನ ಲೈನಿಗೆ ನಾನ್-ರಿಟರ್ನ್ ವಾಲ್ವು ಹಾಕಿ ಇದನ್ನು ತಡೆಯಬಹುದು, ಆದರೆ ಆಗ ಮಿಕ್ಸರಿನಲ್ಲಿ ಬಿಸಿನೀರು ಹೊರಬರುವುದೇ ಕಷ್ಟವಾಗುತ್ತದೆ. ಬಕೆಟಿನಲ್ಲೇ ಸ್ನಾನ ಮಾಡುವ ಮನೆಗೆ ಇಷ್ಟೆಲ್ಲ ಬೇಡವೆಂದು ಪಂಪನ್ನು ಬಿಟ್ಟರು.

ಕೊನೆಗೆ ನಿಂತ ಜೋಡಣೆ

ಟ್ಯಾಂಕಿನಿಂದ ಇಳಿಯುವ ತಣ್ಣೀರಿನ ಮುಖ್ಯ ಪೈಪು ಒಂದೂಕಾಲು ಇಂಚಿನ ಸಿಪಿವಿಸಿ. ಮನೆಯಲ್ಲಿ ಮೂರ್ನಾಲ್ಕು ನಳ ಒಟ್ಟಿಗೆ ತೆರೆದು ನಿಮಿಷಕ್ಕೆ 30 ಲೀಟರ್ ಹರಿದರೂ ಇದು 10 ಮೀಟರಿಗೆ 28 ಸೆಂ.ಮೀ. ತಿನ್ನುತ್ತದೆ. 1 ಇಂಚಿನದು ಹಾಕಿದ್ದರೆ 73 ಸೆಂ.ಮೀ. ಮ್ಯಾನಿಫೋಲ್ಡಿಗೆ ಹಣ ಹಾಕಿ ಮುಖ್ಯ ಪೈಪಿನಲ್ಲಿ ಉಳಿಸುವ ಮನೆಗಳಲ್ಲಿ, ಯಾರೋ ಕೆಳಗೆ ನಳ ತೆರೆದರೆ ಮೇಲಿನ ಶವರು ನಿಲ್ಲುವುದು ಇದೇ ಕಾರಣಕ್ಕೆ.

ತಣ್ಣೀರಿಗೆ ಎರಡು ದಂಡು. ಮೇಲಿನ ಅಂತಸ್ತಿನ ಪಡಸಾಲೆಯಲ್ಲಿ ಆರು ಲೈನು: ಎರಡು ಬಚ್ಚಲಿನ ಮಿಕ್ಸರಿಗೆ 20 ಮಿ.ಮೀ., ಎರಡು ಸಂಡಾಸು, ಒಂದು ಬೇಸಿನ್, ಒಂದು ಬಾಲ್ಕನಿ ನಳಕ್ಕೆ 16 ಮಿ.ಮೀ. ಕೆಳಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಏಳು ಲೈನು: ಅಡುಗೆಮನೆ, ಬಟ್ಟೆ ಒಗೆಯುವ ಜಾಗ, ಎರಡು ಮಿಕ್ಸರು, ಎರಡು ಸಂಡಾಸು, ಪಡಸಾಲೆಯ ಬೇಸಿನ್, ಎಲ್ಲವೂ 16 ಮಿ.ಮೀ. ಸಂಡಾಸಿನ ಫ್ಲಶ್ ಟ್ಯಾಂಕಿಗೂ ಜೆಟ್ ಸ್ಪ್ರೇಗೂ ಬೇರೆ ಬೇರೆ ಲೈನು ಎಳೆದಿಲ್ಲ. ಎರಡು ಬಾಯಿಯ ಆಂಗಲ್ ಕಾಕು ಹಾಕಿದರೆ ಒಂದೇ ಲೈನು ಎರಡಕ್ಕೂ ಸಾಕು, ಗೋಡೆಯೊಳಗೆ ಟೀ ಬೇಕಿಲ್ಲ.

ಬಿಸಿನೀರಿಗೆ ಒಂದೇ ದಂಡು, ಅದೂ ಮೇಲಿನ ಅಂತಸ್ತಿನಲ್ಲಿ. ಕೆಳಗೂ ಒಂದು ಇರಲಿ ಎನಿಸುವುದು ಸಹಜ, ಆದರೆ ಲೆಕ್ಕ ಬೇರೆ ಹೇಳುತ್ತದೆ. 1 ಇಂಚಿನ ಮುಖ್ಯ ಪೈಪಿನಲ್ಲಿ ಮೀಟರಿಗೆ 0.4 ಲೀಟರ್ ನೀರು ನಿಂತಿರುತ್ತದೆ, 16×2 ಪೆಕ್ಸಿನಲ್ಲಿ 0.11 ಲೀಟರ್. ಮುಖ್ಯ ಪೈಪು 6 ಮೀಟರಿಗೇ ಮುಗಿದು, ಅಲ್ಲಿಂದ ಅಡುಗೆಮನೆಗೆ 14 ಮೀಟರ್ ಸಣ್ಣ ಪೈಪು ಹೋದರೆ ಬಿಸಿನೀರು ಬರುವ ಮುನ್ನ ಚೆಲ್ಲುವುದು ಸುಮಾರು 4 ಲೀಟರ್. ಮುಖ್ಯ ಪೈಪನ್ನೇ ಕೆಳಗೆ ಇಳಿಸಿದ್ದರೆ 5 ದಾಟುತ್ತಿತ್ತು, ಒಂದು ದಂಡಿನ ಖರ್ಚೂ ಹೆಚ್ಚು. ಬಿಸಿನೀರಿನ ಲೈನು ಐದು: ನಾಲ್ಕು ಬಚ್ಚಲು, ಒಂದು ಅಡುಗೆಮನೆ.

ಸಾಮಾನಿನ ಅಂದಾಜು: 16 ಮಿ.ಮೀ. ಪೈಪು 135 ಮೀಟರ್ ಬೇಕಾಗಿ 100 ಮತ್ತು 50 ಮೀಟರಿನ ಎರಡು ಸುರುಳಿ. 20 ಮಿ.ಮೀ. 15 ಮೀಟರ್. ಒಟ್ಟು 18 ಲೈನು, 36 ತುದಿ. ದಂಡಿನ ಕಡೆಯ 18 ತುದಿಗೆ ನಟ್ಟು ಬಿಗಿಯುವ ಕಂಪ್ರೆಷನ್ ಅಡಾಪ್ಟರು, ನಳದ ಕಡೆಯ 18 ತುದಿಗೆ ಕಿವಿಯಿರುವ ಹಿತ್ತಾಳೆಯ ಪ್ರೆಸ್ ಎಲ್ಬೋ, ಗೋಡೆಗೆ ಸ್ಕ್ರೂ ಹಾಕಿ ನಿಲ್ಲಿಸಲು. ಕಂಪ್ರೆಷನ್ ಕೀಲು ಕಣ್ಣಿಗೆ ಕಾಣುವ ಜಾಗದಲ್ಲಿ ಮಾತ್ರ ಸಲ್ಲುತ್ತದೆ, ಅದು ವರ್ಷಗಳಲ್ಲಿ ಒಂದಿಷ್ಟು ಸಡಿಲಾಗಿ ಬಿಗಿಸಬೇಕಾಗಬಹುದು. ಹುಗಿಯುವ ಕಡೆ ಪ್ರೆಸ್ಸೇ ಆಗಬೇಕು. ಫರಸಿಯ ಕೆಳಗೆ ಹೋಗುವ ಪೈಪಿಗೆಲ್ಲ 25 ಮಿ.ಮೀ. ಸುಕ್ಕುಗಟ್ಟಿದ ಹೊರಕೊಳವೆ. ಪೈಪನ್ನು ಸುರುಳಿಯಿಂದ ಕತ್ತರಿಸುವಾಗ ಉದ್ದದ ಲೈನುಗಳನ್ನು ಮೊದಲು ಕತ್ತರಿಸಬೇಕು. ಗಿಡ್ಡದ್ದನ್ನು ಮೊದಲು ಕತ್ತರಿಸುತ್ತ ಹೋದರೆ ಕೊನೆಗೆ ಯಾವ ಲೈನಿಗೂ ಸಾಲದ ತುಂಡುಗಳು ಉಳಿಯುತ್ತವೆ, ನೆಲದೊಳಗೆ ಜೋಡು ಹಾಕುವ ಆಸೆ ಹುಟ್ಟುತ್ತದೆ.

ಕೆಲಸದ ಕ್ರಮ

ಫರಸಿಗಳಿಗೆ ಹಿಂಬದಿಯಲ್ಲಿ ಬಣ್ಣದಿಂದ ಅಂಕಿ ಬರೆದು ಎಬ್ಬಿಸಿದರು. ಕೆಳಗಿನ ಮೊರಮು ಮೂರು–ನಾಲ್ಕು ಇಂಚು ತೋಡಿ, ಚೂಪು ಕಲ್ಲು ಆರಿಸಿ, ಒಂದು ಇಂಚು ಮರಳು ಹಾಸಿ ಹೊರಕೊಳವೆ ಇಟ್ಟರು. ಒಂದು ಲೈನಿಗೆ ಎರಡು–ಮೂರಕ್ಕಿಂತ ಹೆಚ್ಚು ಬಾಗು ಬಂದರೆ ಮುಂದೆ ಪೈಪು ಎಳೆದು ತೆಗೆಯುವುದು ಆಗದ ಮಾತು. ಪೈಪನ್ನು ಬಿಗಿಯಾಗಿ ಎಳೆಯದೆ ಸ್ವಲ್ಪ ಹಾವಾಡಿಸಿ ಬಿಡಬೇಕು. ಪೆಕ್ಸ್ ಬಿಸಿಗೆ ಹಿಗ್ಗುವುದು ತುಂಬ ಹೆಚ್ಚು: 10 ಮೀಟರಿನ ಬಿಸಿನೀರಿನ ಲೈನು 25 ಡಿಗ್ರಿಯಿಂದ 65ಕ್ಕೆ ಹೋದರೆ 6–8 ಸೆಂ.ಮೀ. ಉದ್ದವಾಗುತ್ತದೆ. ತುದಿಗಳಲ್ಲಿ ಬಿಗಿಯಾಗಿ ಕಟ್ಟಿಹಾಕಿದರೆ ಆ ಬಲವೆಲ್ಲ ಎಲ್ಬೋದ ಮೇಲೆ. ಗೋಡೆಯ ಮೇಲೆ ಅಡ್ಡ ಹೋಗುವಲ್ಲಿ 80 ಸೆಂ.ಮೀ.ಗೊಂದು ಸಡಿಲ ಕ್ಲಿಪ್ಪು, ಪೈಪು ಜಾರುವಷ್ಟು. ಕಲ್ಲಿನ ಗೋಡೆಗೂ ಹೊಸ ಅಡುಗೆಮನೆಗೂ ನಡುವಿನ ಸಂದಿನಲ್ಲಿ, ಹಿಂದೆ ಎಲ್ಬೋ ಸೀಳಿದ್ದ ಅದೇ ಜಾಗದಲ್ಲಿ, ಒಂದು ಅಡಿಯಷ್ಟು ಪೈಪನ್ನು ಬಾಗಿನಲ್ಲಿ ಸಡಿಲಬಿಟ್ಟು, ಗೋಡೆಯ ತೂತನ್ನು 50 ಮಿ.ಮೀ. ಇಟ್ಟು ಗಚ್ಚಿನ ಬದಲು ಫೋಮು ತುಂಬಿದರು. ತಳಪಾಯ ಆಡಿದರೆ ಪೈಪೂ ಜೊತೆಗೆ ಆಡಲಿ ಎಂದು.

ಪ್ರೆಸ್ ಕೀಲು ಕೆಡುವುದು ಹೆಚ್ಚಾಗಿ ಕತ್ತರಿಸುವಲ್ಲಿ. ಹ್ಯಾಕ್ಸಾ ಬೇಡ, ಪೈಪಿನ ಕತ್ತರಿಯಲ್ಲಿ ನೇರ ಕತ್ತರಿಸಬೇಕು. ನಂತರ ಕ್ಯಾಲಿಬ್ರೇಟರ್ ಒಳಗೆ ತಿರುಗಿಸಿ ಬಾಯನ್ನು ಗುಂಡಗೆ ಮಾಡಿ, ಒಳ ಅಂಚನ್ನು ಇಳಿಜಾರಾಗಿ ಹೆರೆಯಬೇಕು. ಈ ಎರಡನೆಯ ಹೆಜ್ಜೆ ಬಿಟ್ಟರೆ ಚೂಪಾದ ಅಂಚು ಫಿಟ್ಟಿಂಗಿನ ರಬ್ಬರ್ ಉಂಗುರವನ್ನು ಕೊಯ್ಯುತ್ತದೆ. ಪರೀಕ್ಷೆಯ ದಿನ ಒಂದು ಹನಿಯೂ ಬಾರದೆ, ಮಳೆಗಾಲದ ಹೊತ್ತಿಗೆ ಗೋಡೆ ಬೆವರುವುದು ಇಂಥ ಕೀಲಿನಿಂದ. ಪೈಪು ಪೂರ್ತಿ ಒಳಗೆ ಕೂತಿದೆಯೇ ಎಂದು ಪೈಪಿನ ಹೊರಗೆ ಕೂರುವ ಉಕ್ಕಿನ ತೋಳಿನ ಸಣ್ಣ ಕಿಟಕಿಯಲ್ಲಿ ನೋಡಿ, ಆಮೇಲೆ ದವಡೆ ಒತ್ತಬೇಕು. ಒಂದು ಕೀಲಿಗೆ ಒಂದೇ ಸಲ. ಮತ್ತೊಮ್ಮೆ ಒತ್ತಿ ಸರಿಪಡಿಸುತ್ತೇನೆಂದರೆ ತೋಳು ವಕ್ರವಾಗುತ್ತದೆ. ಒತ್ತಿದ ಕೀಲಿಗೆ ಸಿಮೆಂಟು ತಾಗದಂತೆ ಪ್ಲಾಸ್ಟಿಕ್ ಪಟ್ಟಿ ಸುತ್ತಬೇಕು. ಸಿಮೆಂಟಿನಿಂದ ಪೆಕ್ಸಿಗೆ ಏನೂ ಆಗದು, ಆದರೆ ಹಸಿ ಗಚ್ಚಿನಲ್ಲಿ ಕೂತ ಹಿತ್ತಾಳೆ ನಿಧಾನಕ್ಕೆ ಸವೆಯುತ್ತದೆ.

ಟ್ಯಾಂಕು, ಸೋಲಾರು ಎರಡನ್ನೂ ಕಳಚಿಟ್ಟು, ಕೈಪಂಪಿನಿಂದ ಚದರ ಸೆಂ.ಮೀ.ಗೆ 7 ಕೆ.ಜಿ. ಒತ್ತಡ ಕೊಟ್ಟು ಪರೀಕ್ಷಿಸಿದರು. ಮೊದಲ ಅರ್ಧ ಗಂಟೆ ಮುಳ್ಳು ಇಳಿಯುತ್ತ ಹೋದರೆ ಗಾಬರಿಯಾಗಬೇಕಿಲ್ಲ, ಪೆಕ್ಸ್ ತಾನೇ ತುಸು ಹಿಗ್ಗುತ್ತದೆ. ಮತ್ತೆ ಪಂಪು ಹೊಡೆದು 7ಕ್ಕೆ ತಂದು, ಎರಡು ಗಂಟೆ ಬಿಟ್ಟು, ಮುಳ್ಳು ನಿಂತಿದೆಯೇ ನೋಡಬೇಕು. ಆ ಹೊತ್ತಿನಲ್ಲಿ ಪೈಪಿಗೆ ಬಿಸಿಲು ಬೀಳಬಾರದು, ಕಾದ ಪೈಪಿನ ಮುಳ್ಳು ಸುಳ್ಳು ಹೇಳುತ್ತದೆ. ಒತ್ತಡವಿಟ್ಟುಕೊಂಡೇ ನೆಲ ಮುಚ್ಚುವುದು ಒಳ್ಳೆಯದು. ಗೌಂಡಿಯ ಹಾರೆ ಪೈಪಿಗೆ ತಾಗಿದರೆ ಮುಳ್ಳು ತಕ್ಷಣ ಬೀಳುತ್ತದೆ, ಫರಸಿ ಕೂತ ಮೇಲೆ ಹುಡುಕುವ ಪಾಡು ಇರುವುದಿಲ್ಲ. ಮುಚ್ಚುವ ಮುನ್ನ ಪ್ರತಿ ಕೋಣೆಯ ನೆಲಕ್ಕೂ ಟೇಪು ಹಾಸಿ ಫೋಟೋ ತೆಗೆದಿಟ್ಟುಕೊಂಡರು.

ಮಾಳಿಗೆ, ಗಾಳಿ, ಇಲಿ

ಪೆಕ್ಸಿನ ವೈರಿ ಬಿಸಿಲು. ಅತಿನೇರಳೆ ಕಿರಣಕ್ಕೆ ಕೆಲವು ತಿಂಗಳು ಒಡ್ಡಿದರೆ ಸಾಕು, ಪೈಪು ಬಿರುಸಾಗುತ್ತದೆ. ಮೇ ತಿಂಗಳಲ್ಲಿ 42–44 ಡಿಗ್ರಿ ಕಾಯುವ ಊರಿನಲ್ಲಿ ಮಾಳಿಗೆಯ ಮೇಲೆ ಪೆಕ್ಸ್ ಬಿಡುವ ಮಾತೇ ಇಲ್ಲ. ಸುರುಳಿಗಳನ್ನೂ ಕೆಲಸ ಶುರುವಾಗುವವರೆಗೆ ಕೋಣೆಯೊಳಗೆ ಇಡಬೇಕು. ಇಲ್ಲಿ ಮಾಳಿಗೆ ದಾಟುವವರೆಗೆ ಎಲ್ಲವೂ ಸಿಪಿವಿಸಿ, ಅದಕ್ಕೂ ಫೋಮಿನ ಹೊದಿಕೆ, ಮೇಲೆ ಅಲ್ಯುಮಿನಿಯಂ ಪಟ್ಟಿ. ಸೋಲಾರಿನ ಬಾಯಿಂದ ಮೊದಲ ಒಂದೂವರೆ ಮೀಟರ್ ತಾಮ್ರ. ಬೇಸಿಗೆಯಲ್ಲಿ ನೀರು ಖರ್ಚಾಗದೆ ನಿಂತ ದಿನ ಸೋಲಾರಿನ ನೀರು ಕುದಿಯುವ ಮಟ್ಟಕ್ಕೆ ಹೋಗಬಲ್ಲದು, ಸಿಪಿವಿಸಿಯ ಮಿತಿ 93 ಡಿಗ್ರಿ.

ಗುರುತ್ವದ ನೀರಿನಲ್ಲಿ ಇನ್ನೊಂದು ಕಾಟ ಗಾಳಿ. ನಳಕ್ಕೆ ನೀರು ಬಾರದ ದಿನ ಟ್ಯಾಂಕು ಪೂರ್ತಿ ಬರಿದಾಗುತ್ತದೆ, ಪೈಪಿನಲ್ಲಿ ಗಾಳಿ ಹೊಕ್ಕುತ್ತದೆ. ಲೈನು ಒಮ್ಮೆ ಏರಿ ಮತ್ತೆ ಇಳಿಯುವ ಕಮಾನು ಇದ್ದರೆ ಗಾಳಿ ಅದರ ನೆತ್ತಿಯಲ್ಲಿ ಕೂತುಬಿಡುತ್ತದೆ, 3 ಮೀಟರಿನ ಒತ್ತಡಕ್ಕೆ ಅದನ್ನು ತಳ್ಳುವ ಶಕ್ತಿಯಿಲ್ಲ. ಟ್ಯಾಂಕು ತುಂಬಿದ್ದರೂ ನಳ ಬರೀ ಉಸಿರು ಬಿಡುತ್ತದೆ. ಬಾಗುವ ಪೈಪಿನಲ್ಲಿ ಇಂಥ ಕಮಾನು ಮಾಡುವುದು ತೀರ ಸುಲಭ: ಬಾಗಿಲ ಮೇಲಿಂದ ಹಾಯಿಸಿದರೆ ಆಯಿತು. ಆದ್ದರಿಂದ ಟ್ಯಾಂಕಿನಿಂದ ದಂಡಿಗೆ, ದಂಡಿನಿಂದ ನೆಲಕ್ಕೆ ಇಳಿಯುತ್ತಲೇ ಹೋಗಬೇಕು, ನಳದ ಹತ್ತಿರ ಮಾತ್ರ ಒಮ್ಮೆ ಏರಬೇಕು. ಬಿಸಿನೀರಿನ ದಂಡಿಗೆ ಒಂದು ಸಣ್ಣ ಗಾಳಿ ಬಿಡುವ ತಿರುಪು ಇಟ್ಟಿದ್ದಾರೆ, ಕಾದ ನೀರು ತಾನೇ ಗಾಳಿ ಬಿಡುವುದರಿಂದ ತೊಂದರೆ ಮೊದಲು ಕಾಣುವುದು ಅಲ್ಲಿ.

ಇಲಿ, ಹೆಗ್ಗಣಗಳು ಪೆಕ್ಸನ್ನು ಕಡಿಯುತ್ತವೆ. ಜೋಳ, ತೊಗರಿ ಕೂಡಿಡುವ ಕೋಣೆಯ ಗೋಡೆಯಿಂದ ಹಾಯುವ ಲೈನಿಗೆ ತೂತಿನ ಎರಡೂ ಬದಿ ಉಕ್ಕಿನ ಜಾಲರಿ ತುರುಕಿ ಗಚ್ಚು ಹಾಕಿದ್ದಾರೆ. ಗೆದ್ದಲಿನ ಔಷಧಿ ಹೊಡೆಸುವುದಿದ್ದರೆ ಪೈಪು ಹಾಸುವ ಮೊದಲೇ ಹೊಡೆಸಿ ಒಣಗಲು ಬಿಡಬೇಕು. ಎಣ್ಣೆಯಲ್ಲಿ ಕದಡಿದ ಔಷಧಿ, ಪೇಂಟಿನ ಥಿನ್ನರು, ಸೀಮೆಎಣ್ಣೆ ಇವು ಪ್ಲಾಸ್ಟಿಕ್ ಪೈಪಿನ ಗೋಡೆಯ ಮೂಲಕ ನೀರಿಗೆ ಇಳಿಯಬಲ್ಲವು.

ಗಡಸು ನೀರಿನ ಸುಣ್ಣ ಪೆಕ್ಸಿನ ಒಳಗೆ ಜಿಐಯಂತೆ ಕಟ್ಟುವುದಿಲ್ಲ. ಹಾಗೆಂದು ಸುಣ್ಣ ಹೋಗಿಬಿಟ್ಟಿತೆಂದಲ್ಲ, ಅದು ಶವರಿನ ತೂತಿನಲ್ಲಿ, ನಳದ ಬಾಯಿಯ ಜಾಲರಿಯಲ್ಲಿ ಕೂರುತ್ತದೆ. ಸಂಪಿನ ಕೆಸರು ಸೇರುವುದು ದಂಡಿನ ವಾಲ್ವುಗಳಲ್ಲಿ. ಪ್ರತಿ ದಂಡಿನ ಮುಂದೆ ವೈ-ಸ್ಟ್ರೇನರ್ (ಕೆಸರು ಹಿಡಿಯುವ ಜಾಲರಿ) ಹಾಕಿ, ಅದರ ಹಿಂದೆ ಮುಂದೆ ಬಾಲ್ ವಾಲ್ವು ಇಟ್ಟಿದ್ದಾರೆ. ಮಳೆಗಾಲದ ಮೊದಲ ಕೆಂಪು ನೀರು ಬಂದ ಮೇಲೆ ಜಾಲರಿ ತೊಳೆಯಬೇಕು. ಸ್ಟ್ರೇನರಿನ ಅಳತೆ ಮುಖ್ಯ ಪೈಪಿಗಿಂತ ಚಿಕ್ಕದಾದರೆ ಉಳಿಸಿದ ಎತ್ತರವನ್ನೆಲ್ಲ ಅದೇ ನುಂಗುತ್ತದೆ.

ಬೋರಿನ ನೀರನ್ನು ಸಂಡಾಸಿಗೆ, ಬಟ್ಟೆಗೆ ಮಾತ್ರ ಬಿಡಬೇಕೆಂದು ಮುಂದೆ ಎರಡನೇ ಟ್ಯಾಂಕು ಇಡುವ ವಿಚಾರ ಮನೆಯವರಿಗಿದೆ. ಹಾಗೆ ಮಾಡುವಾಗ ಇದೇ ದಂಡಿನ ನಡುವೆ ವಾಲ್ವು ಹಾಕಿ ಎರಡು ನೀರನ್ನು ಬೇರ್ಪಡಿಸಿದರೆ ಸಾಲದು. ವಾಲ್ವು ಒಂದು ದಿನ ಸೋರಿಯೇ ಸೋರುತ್ತದೆ. ದಂಡನ್ನೇ ಬೇರೆ ಮಾಡಬೇಕು, ಅದಕ್ಕಾಗಿ ಕೆಳಗಿನ ಗೂಡಿನಲ್ಲಿ ನಾಲ್ಕು ಬಾಯಿಯ ಇನ್ನೊಂದು ದಂಡಿಗೆ ಜಾಗ ಬಿಟ್ಟಿದ್ದಾರೆ.

ಸಿಪಿವಿಸಿ ಎಲ್ಬೋ ಯಾವ ಓಣಿಯ ಅಂಗಡಿಯಲ್ಲೂ ಸಿಗುತ್ತದೆ, 16×2 ಪ್ರೆಸ್ ಫಿಟ್ಟಿಂಗು ಹಾಗೆ ಸಿಗುವುದಿಲ್ಲ, ಒತ್ತುವ ಯಂತ್ರ ಎಲ್ಲ ಪ್ಲಂಬರುಗಳ ಹತ್ತಿರವೂ ಇರುವುದಿಲ್ಲ. ಆದ್ದರಿಂದ ಕೆಳಗಿನ ಗೂಡಿನೊಳಗೇ ಒಂದು ಡಬ್ಬಿ ಇದೆ: 5 ಮೀಟರ್ 16 ಮಿ.ಮೀ. ಪೈಪು, ನಾಲ್ಕು ಕಂಪ್ರೆಷನ್ ಅಡಾಪ್ಟರು, ಯಂತ್ರವಿಲ್ಲದೆ ಸ್ಪ್ಯಾನರಿನಲ್ಲೇ ಬಿಗಿಯಬಹುದಾದ ಎರಡು ಕಂಪ್ರೆಷನ್ ಜೋಡು, ಬಾಲ್ ವಾಲ್ವಿನ ಎರಡು ಹಿಡಿ, ಒಂದು ಪೈಪಿನ ಕತ್ತರಿ. ಗೂಡಿನ ಬಾಗಿಲ ಒಳಬದಿಗೆ ಪ್ರತಿ ಬಾಯಿಯ ಅಂಕಿ, ಅದು ಹೋಗುವ ನಳ ಮತ್ತು ಪೈಪಿನ ಅಳತೆ ಬರೆದ ಹಾಳೆ ಅಂಟಿಸಿದೆ. ಕೆಳಗಿನ ದಂಡಿನ ಎಂಟನೇ ಬಾಯಿಗೆ ಮುಚ್ಚಳ ಹಾಕಿ ಬಿಟ್ಟಿದ್ದಾರೆ, ಹಿತ್ತಲ ಗಿಡಗಳಿಗೆ.